ಕ್ಯಾಲೆಂಡರ್ ಬೇಡ, ಮಗುವನ್ನು ನೋಡಿ

"ಎರಡು ವರ್ಷ ತುಂಬಿತಲ್ಲ, ಇನ್ನೂ ಡೈಪರ್ ಬಿಡಿಸಿಲ್ಲವಾ?" ಮನೆಗೆ ಬಂದವರು ಹೀಗೆ ಕೇಳಿ ಹೋಗುತ್ತಾರೆ. ಮಗುವಿನ ತಾಯಿ ಇಡೀ ದಿನ ಕುಗ್ಗಿ ಕೂರುತ್ತಾಳೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಅಮೆರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ 1962ರಲ್ಲೇ ಬರೆದರು: ಶೌಚದ ಅಭ್ಯಾಸಕ್ಕೆ ಮಗು ಸಿದ್ಧವಾಗಬೇಕು, ಅಲ್ಲಿಯತನಕ ದೊಡ್ಡವರು ಕಾಯಬೇಕು. ಸಾಮಾನ್ಯವಾಗಿ 18 ತಿಂಗಳ ನಂತರ ಸಿದ್ಧತೆಯ ಸುಳಿವು ಕಾಣತೊಡಗುತ್ತದೆ. ಕೆಲವರಲ್ಲಿ ಇನ್ನೂ ತಡ.

ಒಂದು ಸುಳಿವು ಹೀಗಿರುತ್ತದೆ: ಆಟದ ನಡುವೆ ಮಗು ತಟ್ಟನೆ ನಿಲ್ಲುತ್ತದೆ. ಬಾಗಿಲ ಪರದೆಯ ಹಿಂದೆ ಸರಿದು, ಮುಖ ಕೆಂಪಗೆ ಮಾಡಿಕೊಂಡು ತಿಣುಕುತ್ತದೆ. ತನ್ನ ಮೈಯೊಳಗೆ ಏನಾಗುತ್ತಿದೆ ಎಂದು ಅದಕ್ಕೆ ಗೊತ್ತಾಗಿದೆ! ಜೊತೆಗೆ ಎರಡು ಗಂಟೆ ಚಡ್ಡಿ ಒದ್ದೆಯಾಗದಿದ್ದರೆ, ಹೇಳಿದ ಸಣ್ಣ ಮಾತು ಕೇಳಿಸಿಕೊಂಡರೆ, ಚಡ್ಡಿ ತಾನೇ ಕೆಳಗೆಳೆಯಲು ನೋಡಿದರೆ ಶುರುಮಾಡಬಹುದು.

ಮೂತ್ರ ಮಾಡಿಸಲು ನಮ್ಮ ಅಜ್ಜಿಯರು ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು 'ಸ್ಸ್‌ಸ್' ಎನ್ನುತ್ತಿದ್ದರು. ಅವರ ಕಣ್ಣು ಸದಾ ಮಗುವಿನ ಮುಖದ ಮೇಲಿರುತ್ತಿತ್ತು. ಆ ಗಮನ ಇವತ್ತಿಗೂ ಬೇಕು.

ಗದರಿಸಬೇಡಿ. ಹೆದರಿದ ಮಗು ಮಲ ತಡೆಹಿಡಿಯುತ್ತದೆ. ಅದು ಗಟ್ಟಿಯಾಗಿ ನೋಯುತ್ತದೆ, ನೋವಿಗೆ ಅಂಜಿ ಮಗು ಮತ್ತಷ್ಟು ತಡೆಯುತ್ತದೆ. ಮಲಬದ್ಧತೆ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ಹಗಲಲ್ಲಿ ಕಲಿತ ಮೇಲೂ ರಾತ್ರಿ ಹಾಸಿಗೆ ಒದ್ದೆಯಾಗುವುದು ನಿಲ್ಲಲು ಇನ್ನೂ ಸಮಯ ಹಿಡಿಯುತ್ತದೆ.

ತಮ್ಮನೋ ತಂಗಿಯೋ ಹುಟ್ಟಿದ್ದರೆ, ಮನೆ ಬದಲಾಯಿಸಿದ್ದರೆ, ಕೆಲವು ವಾರ ಮುಂದೂಡಿ. ಕೇಳಲು ಬಂದವರಿಗೆ ಕಾಫಿ ಕೊಟ್ಟು ಕಳಿಸಿ.