ನಗರದ ದೇವಾಲಯವೂ ಹೊರವಲಯದ ದೇವಾಲಯವೂ

(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಹಿಂದಿನ ಗುರುವರ್ಯರ ಸೇವೆ, ಕಟ್ಟಡದ ಚರಿತ್ರೆ ಇವುಗಳನ್ನು ಕುರಿತು ಮಹನೀಯರು ಈಗಾಗಲೇ ಸವಿಸ್ತಾರವಾಗಿ ನುಡಿದಿದ್ದಾರೆ. ನಮ್ಮ ಪಾಲಿಗೆ ಬಂದಿರುವ ವಿಷಯ ನಗರದ ನಡುವಣ ಧರ್ಮಕೇಂದ್ರಗಳಿಗೂ ಹೊರವಲಯದ ಧರ್ಮಕೇಂದ್ರಗಳಿಗೂ ಇರಬೇಕಾದ ಬಾಂಧವ್ಯ. ಊಟದ ವೇಳೆ ಸಮೀಪಿಸಿರುವುದನ್ನು ಬಲ್ಲೆವು. ಆದರೂ ಕೊಂಚ ತಾಳ್ಮೆಯನ್ನು ಬೇಡುತ್ತೇವೆ.

1898ರ ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ಬೆಳೆದಾಗ ಬೆಂಗಳೂರಿನ ಜನರಿಗೆ ಅವೇ ಊರಾಚೆ. 1940ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಬೆಂಗಳೂರು ಧರ್ಮಪ್ರಾಂತ್ಯವು ಸ್ಥಾಪಿತವಾದಾಗ ಬೇಗೂರು ಹೊಲಗದ್ದೆಗಳ ನಡುವಣ ಹಳ್ಳಿ. 2007ರಲ್ಲಿ ಏಳು ನಗರಸಭೆಗಳೂ ಒಂದು ಪುರಸಭೆಯೂ 110 ಹಳ್ಳಿಗಳೂ ಮಹಾನಗರ ಪಾಲಿಕೆಯೊಳಗೆ ಸೇರಿದವು. ಬೇಗೂರೂ ಒಂದು ವಾರ್ಡಾಯಿತು. ಊರು ಬೆಳೆದಂತೆ ನಮ್ಮ ಮಕ್ಕಳು ಬಾಡಿಗೆ ನಿಲುಕುವ ಕಡೆಗೆ ಹೊರಟುಹೋದರು. ಇಂದು ಇಲ್ಲಿ ಬೆಂಚುಗಳುಂಟು, ಕೂರುವವರು ಕಡಿಮೆ. ಅಲ್ಲಿ ಕೂರುವವರುಂಟು, ಸ್ಥಳವಿಲ್ಲ.

ಈ ಬೆಂಚುಗಳ ಮಾತು ಬಂದದ್ದರಿಂದ ನಮ್ಮದೇ ಒಂದು ತಪ್ಪನ್ನು ನಿವೇದಿಸಬೇಕಾಗಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ ನಗರದ ಇನ್ನೊಂದು ಧರ್ಮಕೇಂದ್ರದಲ್ಲಿದ್ದಾಗ, ತಗಡಿನ ಮಾಡಿನ ಕೆಳಗೆ ಪೂಜೆ ನಡೆಯುತ್ತಿದ್ದ ಹೊರವಲಯದ ಒಂದು ಸಮುದಾಯಕ್ಕೆ ಹಳೆಯ ಬೆಂಚುಗಳನ್ನೂ, ಎರಡು ಸ್ವರ ಹೊರಡದ ಹಾರ್ಮೋನಿಯಮ್ಮನ್ನೂ, ಉಟ್ಟ ಬಟ್ಟೆಗಳ ಮೂಟೆಯನ್ನೂ ಲಾರಿಯಲ್ಲಿ ಕಳುಹಿಸಿದೆವು. ಭಾವಚಿತ್ರ ತೆಗೆಸಿಕೊಂಡೆವು, ಹಾರವನ್ನೂ ಹಾಕಿಸಿಕೊಂಡೆವು. ಮುಂದಿನ ವಾರ ಅಲ್ಲಿನ ವೃದ್ಧ ಉಪದೇಶಿಯವರು ಎರಡು ಬಸ್ಸು ಬದಲಾಯಿಸಿ ಬಂದು, ಬಹಳ ವಿನಯದಿಂದ ಹೇಳಿದರು: “ಸ್ವಾಮಿ, ನೆಲದ ಮೇಲೆ ಕುಳಿತರೆ ಇನ್ನೂರು ಜನ ಹಿಡಿಸುತ್ತಿದ್ದೆವು. ಬೆಂಚು ಹಾಕಿದ ಮೇಲೆ ಅರ್ಧ ಜನ ಹೊರಗೆ ನಿಂತಿದ್ದಾರೆ. ನಮ್ಮ ಹುಡುಗರಿಗೆ ಲೆಕ್ಕ ಹೇಳಿಕೊಡುವವರು ಬೇಕಿತ್ತು. ತಾವು ಕೇಳಲಿಲ್ಲ.”

ತಾವು ಕೇಳಲಿಲ್ಲ! ಧರ್ಮಶಾಸ್ತ್ರದ ಹೊತ್ತಗೆಗಳನ್ನು ವರ್ಷಗಟ್ಟಲೆ ಓದಿದ ನಮಗೆ ಆ ಎರಡು ಮಾತಿಗೆ ಉತ್ತರ ಹೊಳೆಯಲಿಲ್ಲ.

ಆ ರಾತ್ರಿ ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟು, ಒಂಬತ್ತನೆಯ ಅಧ್ಯಾಯಗಳನ್ನು ಮತ್ತೆ ಓದಿದೆವು. ಕೊರಿಂಥ ವ್ಯಾಪಾರದ ಸಿರಿಯುಳ್ಳ ನಗರ; ಜೆರುಸಲೇಮಿನ ಭಕ್ತರು ಬಡವರು. ಆದರೂ ಪೌಲರು ಕೊರಿಂಥದವರನ್ನು ದಾನಶೂರರೆಂದು ಹೊಗಳಿ ಸುಮ್ಮನಾಗಲಿಲ್ಲ. ಇಂದು ನಿಮ್ಮ ಸಮೃದ್ಧಿ ಅವರ ಕೊರತೆಗೆ, ನಾಳೆ ಅವರ ಸಮೃದ್ಧಿ ನಿಮ್ಮ ಕೊರತೆಗೆ ಒದಗಲಿ, ಸಮಾನತೆ ಇರಲಿ ಎಂಬುದು ಅವರ ಆಶಯ. ಬಡ ಮಕೆದೋನಿಯದವರನ್ನೇ ಅವರಿಗೆ ಮಾದರಿಯಾಗಿ ತೋರಿಸಿದರು. ಇನ್ನೊಂದು ಸಂಗತಿಯನ್ನು ನಮ್ಮ ಖಜಾಂಚಿಗಳು ಗಮನಿಸಬೇಕು: ಹಣದ ವಿಷಯದಲ್ಲಿ ಯಾರೂ ಬೆರಳು ತೋರದಿರಲೆಂದು, ಸಭೆಗಳೇ ಆರಿಸಿದ ಸಹೋದರನೊಬ್ಬನನ್ನು ಜೊತೆಗೆ ಕಳುಹಿಸುವ ಏರ್ಪಾಟನ್ನು ಪೌಲರು ಮಾಡಿದ್ದರು. ಪ್ರೇಷಿತರಿಗೇ ಲೆಕ್ಕದ ಎಚ್ಚರವಿದ್ದ ಮೇಲೆ ನಮಗೇಕೆ ಸಂಕೋಚ?

1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಮರು ಗೆಳೆಯರೊಡನೆ ಆರಂಭಿಸಿದ ಸಂತ ವಿನ್ಸೆಂಟ್ ದ ಪೌಲರ ಸಭೆಯಲ್ಲಿಯೂ ಬಡವರ ಮನೆಗೆ ಹೋಗಿ ಅವರೊಡನೆ ಕುಳಿತು ಮಾತನಾಡುವುದೇ ಮುಖ್ಯ ಕಾರ್ಯ. ಲಾರಿ ಕಳುಹಿಸುವುದು ಸುಲಭ, ಹೋಗಿ ಕೂರುವುದು ಕಷ್ಟ.

ಆಮೇಲೆ ನಾವು ಹೋಗಿ ಕುಳಿತೆವು. ನಿವೃತ್ತ ಉಪಾಧ್ಯಾಯಿನಿಯರಿಬ್ಬರು ಭಾನುವಾರ ಮಧ್ಯಾಹ್ನ ಅಲ್ಲಿ ಪಾಠ ಹೇಳತೊಡಗಿದರು. ಅಲ್ಲಿಂದ ನಮಗೆ ಬಂದುದೇನು? ಮಕ್ಕಳೆಲ್ಲ ಪರದೇಶದಲ್ಲಿದ್ದ ನಮ್ಮ ವೃದ್ಧೆಯೊಬ್ಬರು ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಡಲು ಇಲ್ಲಿ ನಾಲ್ವರು ತರುಣರು ಸಿಗಲಿಲ್ಲ. ಸುದ್ದಿ ತಿಳಿದು ಅಲ್ಲಿಂದ ಹನ್ನೊಂದು ಹುಡುಗರು ಒಂದು ದಿನದ ಕೂಲಿ ಬಿಟ್ಟು ಬಂದರು. ಯಾವುದು ಬಡ ಧರ್ಮಕೇಂದ್ರ ಎಂಬ ಪ್ರಶ್ನೆ ಅಂದು ನಮ್ಮನ್ನು ಬಹಳ ಕಾಡಿತು.

ಈಗ ಅಪ್ರಿಯವಾದ ಮಾತೊಂದನ್ನು ಆಡಬೇಕು. ಹೊರವಲಯದಲ್ಲಿ ಮನೆ ಮಾಡಿ ಹತ್ತಾರು ವರ್ಷಗಳಾದರೂ ಅನೇಕ ಕುಟುಂಬಗಳು ಹೆಸರನ್ನು ಮಾತ್ರ ಇಲ್ಲಿಯೇ ಇರಿಸಿಕೊಂಡಿವೆ. ಶಾಲೆಯ ಸೀಟಿಗೆ ಪತ್ರ, ಸ್ಮಶಾನದಲ್ಲಿ ಜಾಗ, ನಗರದ ದೊಡ್ಡ ದೇವಾಲಯದಲ್ಲಿ ಮದುವೆಯ ಗೌರವ, ಹೀಗೆ ಕಾರಣಗಳು ಅನೇಕ. ಅವರನ್ನು ಉಳಿಸಿಕೊಂಡವರಲ್ಲಿ ನಾವೂ ಒಬ್ಬರು. ವಂತಿಗೆ ಕಡಿಮೆಯಾದೀತೆಂಬ ಭಯ ನಮಗೂ ಇತ್ತು. 1983ರ ಧರ್ಮಸಭೆಯ ಶಾಸನಸಂಹಿತೆಯ ಪ್ರಕಾರ ವಿಶ್ವಾಸಿಯ ಸ್ವಂತ ಗುರು ಯಾರೆಂಬುದನ್ನು ವಾಸಸ್ಥಳ ನಿರ್ಧರಿಸುತ್ತದೆಯೇ ವಿನಾ ಹಳೆಯ ಅಭಿಮಾನವಲ್ಲ. ಹೊಸ ಧರ್ಮಕೇಂದ್ರಕ್ಕೆ ಬೆಂಚು ಕೊಟ್ಟು ಜನರನ್ನು ಕೊಡದೆ ಹಿಡಿದಿಟ್ಟುಕೊಂಡರೆ ಅದೆಂಥ ಸಹಭಾಗಿತ್ವ?

ಪಾಲನಾ ಸಮಿತಿಯೊಡನೆ ಸಮಾಲೋಚಿಸಿ ಅಂಥ ಕುಟುಂಬಗಳ ಪಟ್ಟಿಯನ್ನು ಸಿದ್ಧಪಡಿಸಿದ್ದೇವೆ. ಸಮಾಧಿಗಳ ಹಕ್ಕು ಯಾರಿಗೂ ತಪ್ಪದು. ಶಾಲೆಯ ಪತ್ರವನ್ನು ಅಲ್ಲಿನ ಗುರುಗಳು ಕೊಟ್ಟರೂ ಇಲ್ಲಿ ಸಮಾನವಾಗಿ ಮಾನ್ಯ ಮಾಡಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಂಡಿದ್ದೇವೆ. ಪಟ್ಟಿ ಪೂಜಾವಸ್ತ್ರಗಳ ಕೋಣೆಯ ಮೇಜಿನ ಮೇಲಿದೆ. ಊಟಕ್ಕೆ ಮುಂಚೆ ತಮ್ಮ ತಮ್ಮ ಹೆಸರನ್ನು ನೋಡಿಕೊಂಡು ಹೋಗಬೇಕಾಗಿ ವಿನಂತಿಸುತ್ತೇವೆ.