ಕುದುರೆಯ ಗೊರಸಿಗೆ ಲಾಳವೊಂದೇ ಮದ್ದಲ್ಲ

ಗಾಡಿಯ ಕುದುರೆ ಎಡವಿತು, ಗೊರಸು ಸೀಳಿತು ಎಂದರೆ ಮತ್ತೊಮ್ಮೆ ಲಾಳ ಕಟ್ಟಿಸುತ್ತೇವೆ. ಮೊಳೆ ಹಿಡಿಯಲು ಜಾಗವಿಲ್ಲದಾದಾಗ "ಇದರ ಕಾಲು ಹೋಯ್ತು" ಅಂತ ಸಂತೆಗೆ ಹೊಡೆಯುತ್ತೇವೆ. ಸ್ವಲ್ಪ ತಾಳಿ. ಅನೇಕ ಸಲ ಕಾಲು ಕೆಟ್ಟಿರುವುದಿಲ್ಲ. ಗೊರಸು ಮಿತಿಮೀರಿ ಬೆಳೆದಿರುತ್ತದೆ.

ಗೊರಸು ನಮ್ಮ ಉಗುರಿನಂತೆ ತಿಂಗಳಿಗೆ 6ರಿಂದ 10 ಮಿಲಿಮೀಟರು ಬೆಳೆಯುತ್ತದೆ. ಲಾಳವಿದ್ದರೆ ಅದು ನೆಲಕ್ಕೆ ಸವೆಯದು. ಮುಂತುದಿ ಉದ್ದವಾಗಿ, ಹೆಜ್ಜೆಹೆಜ್ಜೆಗೂ ಜಗ್ಗಿ, ಸೀಳು ಮೇಲಕ್ಕೇರುತ್ತದೆ.

ಹಾಗಾದರೆ ಏನು ಮಾಡಬೇಕು? ಪಳಗಿದವರಿಂದ ಲಾಳ ಬಿಚ್ಚಿಸಿ, ಮುಂತುದಿಯನ್ನು ಕತ್ತರಿಸಿ, ಅಂಚನ್ನು ಅರದಿಂದ ದುಂಡಗೆ ಉಜ್ಜಿಸಿ. ಒಂದೇ ಸಲಕ್ಕೆ ಅತಿಯಾಗಿ ಬೇಡ. 6 ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಸಾಕು. ಅಂಗಾಲನ್ನಾಗಲಿ, ಅದರ ನಡುವಿನ ಮುಮ್ಮೂಲೆಯ ಮೆತ್ತನೆ ಭಾಗವನ್ನಾಗಲಿ ತೆಳ್ಳಗೆ ಕೆತ್ತಿಸಬೇಡಿ. ಸಂದಿನ ಸಗಣಿ, ಕೆಸರನ್ನು ದಿನವೂ ತೆಗೆಯಿರಿ. ಒದ್ದೆ ನೆಲದಲ್ಲಿ ಕಟ್ಟಿದರೆ ಅಲ್ಲಿ ಕೊಳೆತು ನಾರುತ್ತದೆ. ಒಣ ಜಾಗವೇ ಬೇಕು.

ಬರಿಗಾಲು ಗಟ್ಟಿಯಾಗುವ ತನಕ ಮೆತ್ತನೆಯ ಹೊಲದ ದಾರಿಯಲ್ಲಿ ನಡೆಸಿ, ಹೇರು ಹೇರಬೇಡಿ. ದಿನವಿಡೀ ಡಾಂಬರು, ಜಲ್ಲಿಯ ಮೇಲೆ ದುಡಿಯುವ ಕುದುರೆಗೆ ಲಾಳ ಬೇಕಾಗಬಹುದು. ಗೊರಸು ಬಿಸಿಯಾಗಿ, ಹೆಜ್ಜೆಯೂರಲಾರದೆ ನಿಂತರೆ ಮಾತ್ರ ಕತ್ತರಿಸಲು ಹೋಗದೆ ಅಂದೇ ಪಶುವೈದ್ಯರಿಗೆ ತೋರಿಸಿ.

ಮುಂಭಾಗದಲ್ಲಿ ಹೊಸ ಗೊರಸು ಮೇಲಿಂದಿಳಿದು ನೆಲ ಮುಟ್ಟಲು 9ರಿಂದ 12 ತಿಂಗಳು ಹಿಡಿಯುತ್ತದೆ. ಕಬ್ಬು ನೆಟ್ಟು ವರ್ಷ ಕಾಯುವ ನಮಗೆ ಇದೇನು ಹೆಚ್ಚಲ್ಲ. ಅಷ್ಟು ಕಾಲ ಕಾದರೆ, ಸಂತೆಗೆ ಹೋಗಬೇಕಿದ್ದ ಕುದುರೆ ಮನೆಯಲ್ಲೇ ದುಡಿದೀತು.