ಲಾರಿಯ ಆಯಿಲ್ ಮತ್ತು ನಮ್ಮ ಜವಾಬ್ದಾರಿ

(ಎಸ್ಟೇಟ್ ಚಾಲಕರು, ಕ್ಲೀನರುಗಳು ಮತ್ತು ಅವರ ಮನೆಯವರ ಕೂಟದಲ್ಲಿ ಮಾಡಿದ ಭಾಷಣ)



ಲಾರಿಯ ವಿಚಾರ ಮಾತಾಡುತ್ತೇನೆಂದಾಗ ಕೆಲವು ತಾಯಂದಿರು, "ಇದರಲ್ಲಿ ನಮಗೇನಿದೆ?" ಎಂದು ಕೇಳಿದರು. ಇದೆ, ಅಮ್ಮಾ. ಎಲೆಯ ಲಾರಿ ನಡೆಸುವವನು ನಿಮ್ಮ ಗಂಡ, ಇಲ್ಲವೆ ಮಗ. ಗೂಡಲೂರು ಘಾಟಿಯಲ್ಲಿ ಭಾರ ಹೊತ್ತು ಇಳಿಯುವಾಗ ಎಂಜಿನ್ ಕಚ್ಚಿ ನಿಂತರೆ ನಷ್ಟವಾಗುವುದು ರಿಪೇರಿಯ ಹಣ ಮಾತ್ರವಲ್ಲ. ಏರ್ ಬ್ರೇಕಿನ ಕಂಪ್ರೆಸರನ್ನೂ ಪವರ್ ಸ್ಟೀಯರಿಂಗಿನ ಪಂಪನ್ನೂ ತಿರುಗಿಸುವುದು ಅದೇ ಎಂಜಿನ್. ಅದು ನಿಂತರೆ ಸ್ಟೀಯರಿಂಗ್ ಬಿಗಿಯಾಗುತ್ತದೆ. ಟ್ಯಾಂಕಿನಲ್ಲಿ ಉಳಿದ ಗಾಳಿ ತೀರುವುದರೊಳಗೆ ಲಾರಿ ನಿಲ್ಲಿಸಬೇಕು. ಇದನ್ನೆಲ್ಲಾ ಕಾಯುವುದು ಬೇರಿಂಗುಗಳ ನಡುವಿನ ಕೂದಲಿಗಿಂತ ತೆಳುವಾದ ಆಯಿಲ್ ಪದರ.

ಯಾವ ಆಯಿಲ್ ಹಾಕಬೇಕು? ಅಂಗಡಿಯವರನ್ನು ಕೇಳುವ ಮೊದಲು ಲಾರಿಯ ಕೈಪುಸ್ತಕವನ್ನು ಕೇಳಿರಿ. ಡಬ್ಬದ ಮೇಲೆ ಎರಡು ಗುರುತುಗಳಿರುತ್ತವೆ. 15ಡಬ್ಲ್ಯೂ-40 ಎಂಬುದು ಮಂದದ ಅಳತೆ. ಮೊದಲ ಅಂಕಿ ಚಳಿಯಲ್ಲಿ ಹರಿಯುವ ಗುಣಕ್ಕೆ, ಎರಡನೆಯದು ಕಾದಾಗ ಉಳಿಯುವ ಮಂದಕ್ಕೆ. ಮಂದವಾದಷ್ಟೂ ಒಳ್ಳೆಯದೆಂಬುದು ತಪ್ಪು. ಉದಕಮಂಡಲದಲ್ಲಿ ಹಿಮ ಬೀಳುವ ಜನವರಿಯ ಬೆಳಿಗ್ಗೆ, ಅತಿ ಮಂದವಾದ ಆಯಿಲ್ ಮೇಲಕ್ಕೆ ಏರುವುದರೊಳಗೆ ಲೋಹ ಲೋಹವನ್ನು ಸವೆಸುತ್ತದೆ.

ಇನ್ನೊಂದು ಗುರುತು ಗುಣದ ದರ್ಜೆ. 'ಸಿ' ಅಕ್ಷರದಿಂದ ಆರಂಭವಾಗುವುದು ಡೀಸೆಲ್ ಎಂಜಿನ್ನಿಗೆ. ಸಿಎಫ್-4 1990ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರಲ್ಲಿ ಬಂದವು. ಕೈಪುಸ್ತಕ ಹೇಳಿದ ದರ್ಜೆಗಿಂತ ಕೆಳಗಿನದನ್ನು ಹಾಕಬಾರದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, ಬೂದಿ ಕಡಿಮೆ ಬಿಡುವ ಆಯಿಲನ್ನೇ ಹಾಕತಕ್ಕದ್ದು. ಹಳೆಯ ಆಯಿಲ್ ಅಗ್ಗವೆಂದು ಹಾಕಿದರೆ ಆ ಫಿಲ್ಟರ್ ಬೂದಿಯಿಂದ ಕಟ್ಟಿಕೊಳ್ಳುತ್ತದೆ.

ಈಗ ದಿನದ ಕೆಲಸ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ನೆಲದಲ್ಲಿ ಅಳತೆ ಕಡ್ಡಿ ಎಳೆದು ಒರೆಸಿ, ಮತ್ತೆ ಇಳಿಸಿ ನೋಡಿರಿ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಮೇಲಿನ ಗೆರೆ ದಾಟಿದರೂ ನೊರೆಯೆದ್ದು ಕೆಡುತ್ತದೆ. ಕಪ್ಪಾಗಿದೆಯೆಂದು ಹೆದರಬೇಡಿರಿ, ಮಸಿಯನ್ನು ಹೊತ್ತುಕೊಳ್ಳುವುದು ಆಯಿಲಿನ ಕೆಲಸವೇ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ತಾನಾಗಿ ಮಟ್ಟ ಏರಿದ್ದರೆ ಡೀಸೆಲ್ ಅಥವಾ ನೀರು ಇಳಿದಿರಬಹುದು. ಆಗ ಲಾರಿ ಹೊರಡಬಾರದು. ಆಯಿಲ್ ಬದಲಿಸಿದಾಗ ಫಿಲ್ಟರನ್ನೂ ಬದಲಿಸಿರಿ. ಟರ್ಬೊ ಇರುವ ಎಂಜಿನ್ನನ್ನು ಏರು ಹತ್ತಿ ಬಂದ ಕೂಡಲೇ ಆರಿಸದೆ, ಎರಡು ಮೂರು ನಿಮಿಷ ನಿಧಾನವಾಗಿ ಓಡಲು ಬಿಡಿರಿ. ಓಡಿಸುವಾಗ ಆಯಿಲಿನ ಕೆಂಪು ದೀಪ ಹತ್ತಿದರೆ, "ಇನ್ನೊಂದು ಮೈಲಿ ತಾನೇ" ಎನ್ನದೆ ಭದ್ರವಾದ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿರಿ.

ತಮ್ಮಂದಿರೇ, ಒಂದು ನೋಟು ಪುಸ್ತಕ ಇಟ್ಟುಕೊಳ್ಳಿರಿ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ದರ್ಜೆಯ ಆಯಿಲ್, ಎಷ್ಟು ಲೀಟರ್ ಹಾಕಿದಿರಿ, ಏನು ದೋಷ ಕಂಡು ಯಾರಿಗೆ ತಿಳಿಸಿದಿರಿ ಎಂದು ಬರೆಯಿರಿ. ಎಂಜಿನ್ ಕೆಟ್ಟಾಗ ತಪ್ಪು ಮೊದಲು ಬೀಳುವುದು ಚಾಲಕನ ತಲೆಯ ಮೇಲೆ. ಬಾಯಿಮಾತು ಮರೆತುಹೋಗುತ್ತದೆ, ಬರಹ ನಿಲ್ಲುತ್ತದೆ.

ತಾಯಂದಿರಿಗೂ ಒಂದು ಮಾತು. ಬಳಸಿದ ಆಯಿಲ್ ಬಹುಕಾಲ ಚರ್ಮಕ್ಕೆ ತಗಲುತ್ತಿದ್ದರೆ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಆಯಿಲಾದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿರಿ. ಮನೆಗೆ ಬಂದವರು ಸೋಪಿನಿಂದ ಕೈ ತೊಳೆದ ಮೇಲೆಯೇ ಊಟಕ್ಕೆ ಬಡಿಸಿರಿ. ಆ ಆಯಿಲನ್ನು ತೊರೆಗೆ ಸುರಿಯಲು ಯಾರನ್ನೂ ಬಿಡಬೇಡಿರಿ; ಕೆಳಗಿನ ಲೈನಿನವರು ಕುಡಿಯುವುದು ಅದೇ ನೀರನ್ನು. ಅದನ್ನು ಡಬ್ಬದಲ್ಲಿ ತುಂಬಿ, ಪರವಾನಗಿ ಇರುವ ಮರುಶುದ್ಧಿಯವರಿಗೆ ಕೊಡುವಂತೆ ಎಸ್ಟೇಟಿನವರನ್ನು ಕೇಳಿರಿ.

ನಾಳೆ ಬೆಳಿಗ್ಗೆ ಲಾರಿ ಹೊರಡುವ ಮುನ್ನ ಮನೆಯವರು ಒಂದೇ ಪ್ರಶ್ನೆ ಕೇಳಿರಿ: "ಆಯಿಲ್ ನೋಡಿದೆಯಾ?" ಆ ಒಂದು ಮಾತು ಘಾಟಿಯಲ್ಲಿ ಒಂದು ಜೀವ ಉಳಿಸೀತು.